ಡಾರ್ಬಿಶೈರ್ ಡೇಲ್ಸ್‌ನಲ್ಲಿ ಮನೆ ಮಾಡುವುದಾದರೆ ಯಾವ ಊರು, ಯಾರ ಆಡಳಿತ

ಇಂಗ್ಲೆಂಡಿನ ಡಾರ್ಬಿ ನಗರದ ರೋಲ್ಸ್-ರಾಯ್ಸ್‌ಗೋ, ರಾಯಲ್ ಡಾರ್ಬಿ ಇಲ್ಲವೇ ಚೆಸ್ಟರ್‌ಫೀಲ್ಡ್ ಆಸ್ಪತ್ರೆಗೋ ಕೆಲಸಕ್ಕೆಂದು ಬಂದು, ನಾಲ್ಕಾರು ವರ್ಷ ಬಾಡಿಗೆ ಮನೆಯಲ್ಲಿದ್ದು, ಈಗ ನಗರದಾಚೆ ಸ್ವಂತ ಮನೆ ಹುಡುಕುತ್ತಿರುವ ಕನ್ನಡ ಕುಟುಂಬಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮಾರ್ಗದರ್ಶಿಯನ್ನು ಬರೆದಿದ್ದೇನೆ. ಇಂಥವರ ಕಣ್ಣು ಸಹಜವಾಗಿ ಬೀಳುವುದು ಡಾರ್ಬಿಯ ವಾಯವ್ಯಕ್ಕಿರುವ ಡಾರ್ಬಿಶೈರ್ ಡೇಲ್ಸ್ ಮೇಲೆ. ಸುಣ್ಣಕಲ್ಲಿನ ಗೋಡೆಗಳು, ಕುರಿ ಮೇಯುವ ಇಳಿಜಾರುಗಳು ಮತ್ತು ಆಳವಾದ ನದೀಕಣಿವೆಗಳಿರುವ ಈ ಪ್ರದೇಶದ ವಿಸ್ತೀರ್ಣ ಸುಮಾರು 790 ಚದರ ಕಿಲೋಮೀಟರ್. 2021ರ ಜನಗಣತಿಯ ಪ್ರಕಾರ ಇಲ್ಲಿರುವವರು ಸುಮಾರು 71 ಸಾವಿರ ಮಂದಿ. ಪಕ್ಕದ ಡಾರ್ಬಿ ನಗರವೊಂದರಲ್ಲೇ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರಿದ್ದಾರೆಂಬುದನ್ನು ನೆನೆದರೆ, ಇಲ್ಲಿನ ಊರುಗಳು ಎಷ್ಟು ಸಣ್ಣವು, ಒಂದರಿಂದೊಂದು ಎಷ್ಟು ದೂರ ಎಂಬುದು ಅರ್ಥವಾಗುತ್ತದೆ.

ಸಾಮಾನ್ಯವಾಗಿ ಮನೆ ಹುಡುಕುವವರು ನೋಟ, ಬೆಲೆ, ಶಾಲೆ ಎಂಬ ಕ್ರಮದಲ್ಲಿ ಯೋಚಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇಲ್ಲಿ ಮೊದಲು ನೋಡಬೇಕಾದದ್ದು ಬೇರೆ: ಆ ಮನೆ ಪೀಕ್ ಡಿಸ್ಟ್ರಿಕ್ಟ್ ಎಂಬ ರಾಷ್ಟ್ರೀಯ ಉದ್ಯಾನದ ಗಡಿಯ ಒಳಗಿದೆಯೋ ಹೊರಗಿದೆಯೋ ಎಂಬುದು. ಕಣ್ಣಿಗೆ ಕಾಣದ ಈ ಗೆರೆ ಈ ಸೀಮೆಯನ್ನು ಎರಡು ಬೇರೆ ಬೇರೆ ಆಡಳಿತಗಳಾಗಿ ಸೀಳುತ್ತದೆ. ಅಡುಗೆಮನೆಯನ್ನು ಪಕ್ಕಕ್ಕೆ ವಿಸ್ತರಿಸುವುದರಿಂದ ಹಿಡಿದು ಮನೆಯನ್ನು ಮುಂದೆ ಯಾರಿಗೆ ಮಾರಬಹುದು ಎಂಬುದರವರೆಗೆ ಅನೇಕ ಸಂಗತಿಗಳನ್ನು ಅದು ನಿರ್ಧರಿಸುತ್ತದೆ.

ಆಡಳಿತದ ಮೂರು ಮೆಟ್ಟಿಲು

ಮೊದಲು ಒಂದು ಪದದ ಗೊಂದಲವನ್ನು ಬಿಡಿಸಿಕೊಳ್ಳಬೇಕು. 'ಡಿಸ್ಟ್ರಿಕ್ಟ್' ಎಂದೊಡನೆ ನಮಗೆ ಜಿಲ್ಲಾಧಿಕಾರಿ ಇರುವ ಜಿಲ್ಲೆ ನೆನಪಾಗುತ್ತದೆ. ಇಂಗ್ಲೆಂಡಿನಲ್ಲಿ ನಮ್ಮ ಜಿಲ್ಲೆಗೆ ಹತ್ತಿರವಾದದ್ದು ಕೌಂಟಿ. ಡಿಸ್ಟ್ರಿಕ್ಟ್ ಎಂಬುದು ಅದರೊಳಗಿನ ತಾಲ್ಲೂಕಿನಂಥ ಘಟಕ. ಡಾರ್ಬಿಶೈರ್ ಕೌಂಟಿಯೊಳಗೆ ಇಂಥ ಎಂಟು ಘಟಕಗಳಿದ್ದು, ಅವುಗಳಲ್ಲಿ ಒಂದು ಡಾರ್ಬಿಶೈರ್ ಡೇಲ್ಸ್. ಅದಕ್ಕೂ ಕೆಳಗೆ, ನಮ್ಮ ಗ್ರಾಮ ಪಂಚಾಯಿತಿಯ ಸ್ಥಾನದಲ್ಲಿ ಪ್ಯಾರಿಷ್ ಕೌನ್ಸಿಲ್ ಇರುತ್ತದೆ. ಪೇಟೆಯಾದರೆ ಅದನ್ನೇ ಟೌನ್ ಕೌನ್ಸಿಲ್ ಎನ್ನುತ್ತಾರೆ. ಈ ಡಿಸ್ಟ್ರಿಕ್ಟ್ ಹುಟ್ಟಿದ್ದು 1974ರ ಏಪ್ರಿಲ್ 1ರಂದು. ಆಶ್‌ಬರ್ನ್, ಬೇಕ್‌ವೆಲ್, ಮ್ಯಾಟ್ಲಾಕ್, ವರ್ಕ್ಸ್‌ವರ್ತ್ ಎಂಬ ನಾಲ್ಕು ಪೇಟೆಗಳನ್ನೂ ಅವುಗಳ ಸುತ್ತಲಿನ ಗ್ರಾಮಾಂತರವನ್ನೂ ಒಟ್ಟುಗೂಡಿಸಿದಾಗ ಅದಕ್ಕೆ ವೆಸ್ಟ್ ಡಾರ್ಬಿಶೈರ್ ಎಂಬ ಹೆಸರಿತ್ತು. ಈಗಿನ ಹೆಸರು ಬಂದದ್ದು 1987ರಲ್ಲಿ. ಐವತ್ತು ವರ್ಷಗಳ ನಂತರವೂ ಜನ ತಮ್ಮನ್ನು ಡೇಲ್ಸ್‌ನವರೆಂದು ಹೇಳಿಕೊಳ್ಳುವುದಕ್ಕಿಂತ ಆ ನಾಲ್ಕು ಪೇಟೆಗಳಲ್ಲಿ ಒಂದರ ಕಡೆಯವರೆಂದು ಹೇಳಿಕೊಳ್ಳುವುದೇ ಹೆಚ್ಚು.

ಮೇಲಿನ ಎರಡು ಕೌನ್ಸಿಲ್‌ಗಳ ಕಚೇರಿಯೂ ಮ್ಯಾಟ್ಲಾಕ್‌ನಲ್ಲೇ ಇದೆ, ಅದೂ ಒಂದೇ ದಿಣ್ಣೆಯ ಮೇಲೆ. ಪೇಟೆಯ ನಡುವಿನ ಕ್ರೌನ್ ಸ್ಕ್ವೇರ್‌ನಿಂದ ಬ್ಯಾಂಕ್ ರೋಡ್ ಹತ್ತತೊಡಗಿದರೆ ಮೊದಲು ಡಿಸ್ಟ್ರಿಕ್ಟ್ ಕೌನ್ಸಿಲ್‌ನ ಟೌನ್ ಹಾಲ್ ಸಿಗುತ್ತದೆ. ಅಲ್ಲಿಂದ ಮುಂದೆ ರಸ್ತೆ ಎಷ್ಟು ಕಡಿದಾಗುತ್ತದೆಂದರೆ, 1893ರಿಂದ 1927ರವರೆಗೆ ಇಲ್ಲಿ ಜನರನ್ನು ಮೇಲೆಳೆಯಲು ಕೇಬಲ್ ಟ್ರಾಮ್ ಓಡಿಸುತ್ತಿದ್ದರು. ಉಸಿರುಬಿಡುತ್ತಾ ಮೇಲೆ ತಲುಪಿದರೆ ಕೋಟೆಯಂಥ ಭಾರಿ ಕಟ್ಟಡ ಎದುರಾಗುತ್ತದೆ. ಅದು ಜಾನ್ ಸ್ಮೆಡ್ಲಿ ಎಂಬ ಉದ್ಯಮಿ ಹತ್ತೊಂಬತ್ತನೆಯ ಶತಮಾನದಲ್ಲಿ ಕಟ್ಟಿಸಿದ ಜಲಚಿಕಿತ್ಸಾಲಯ. 1950ರ ದಶಕದಿಂದ ಕೌಂಟಿ ಕೌನ್ಸಿಲ್‌ನ ನೆಲೆ. ಯಾವ ಕೆಲಸಕ್ಕೆ ಕೆಳಗಿನ ಬಾಗಿಲು, ಯಾವುದಕ್ಕೆ ಮೇಲಿನ ಬಾಗಿಲು ಎಂಬುದು ಹೊಸಬರನ್ನು ಹೆಚ್ಚಾಗಿ ಕಾಡುವ ಪ್ರಶ್ನೆ.

ಮನೆ ಬಾಗಿಲಿನ ಕಸವನ್ನು ಒಯ್ಯುವ ಲಾರಿ ಡಿಸ್ಟ್ರಿಕ್ಟ್‌ನದು. ಹಳೆಯ ಸೋಫಾವನ್ನು ನೀವೇ ಕಾರಿನಲ್ಲಿ ಹಾಕಿಕೊಂಡು ಹೋಗಿ ಎಸೆಯುವ ಕೇಂದ್ರ ಕೌಂಟಿಯದು, ಅದು ಆಶ್‌ಬರ್ನ್‌ನಲ್ಲಿ ಒಂದಿದೆ, ಡಾರ್ಲಿ ಡೇಲ್ ಬಳಿಯ ನಾರ್ತ್‌ವುಡ್‌ನಲ್ಲಿ ಇನ್ನೊಂದಿದೆ. ರಸ್ತೆಯಲ್ಲಿ ಗುಂಡಿ ಬಿದ್ದರೆ ಕೌಂಟಿಗೆ ದೂರು ಕೊಡಬೇಕು, ಅದೇ ರಸ್ತೆಯನ್ನು ಗುಡಿಸದಿದ್ದರೆ ಡಿಸ್ಟ್ರಿಕ್ಟ್‌ಗೆ. ಶಾಲೆ, ಗ್ರಂಥಾಲಯ, ವಯೋವೃದ್ಧರ ಆರೈಕೆ ಕೌಂಟಿಯ ಕೈಯಲ್ಲಿವೆ. ಮತದಾರರ ಪಟ್ಟಿ, ಕಾರ್ ಪಾರ್ಕ್, ಹೋಟೆಲುಗಳ ಶುಚಿತ್ವದ ತಪಾಸಣೆ ಡಿಸ್ಟ್ರಿಕ್ಟ್‌ನ ಕೈಯಲ್ಲಿವೆ. ಪ್ಯಾರಿಷ್ ಕೌನ್ಸಿಲ್‌ನ ಪಾಲಿಗೆ ಉಳಿಯುವುದು ಬೆಂಚು, ಆಟದ ಬಯಲು, ಸ್ಮಶಾನದಂಥ ಸಣ್ಣ ಸಂಗತಿಗಳು. ಆದರೂ ಅವುಗಳಲ್ಲಿ ಕೆಲವು ತಮ್ಮ ಅಳತೆಗೆ ಮೀರಿದ ಕೆಲಸ ಮಾಡುತ್ತವೆ: ಹ್ಯಾದರ್‌ಸೇಜ್ ಎಂಬ ಹಳ್ಳಿಯಲ್ಲಿ 1936ರಲ್ಲಿ ತೆರೆದ, ನೀರನ್ನು ಬೆಚ್ಚಗಿಡುವ ಬಯಲು ಈಜುಕೊಳವನ್ನು ನಡೆಸುತ್ತಿರುವುದು ಅಲ್ಲಿನ ಪ್ಯಾರಿಷ್ ಕೌನ್ಸಿಲ್ಲೇ. ಎರಡು ಸಾವಿರದಷ್ಟು ಜನರ ಊರು ಇಂಥದ್ದನ್ನು ಸಾಕಿಕೊಂಡು ಬಂದಿರುವುದನ್ನು ಕಂಡಾಗ, ಗ್ರಾಮಮಟ್ಟದ ಆಡಳಿತವನ್ನು ಹಗುರವಾಗಿ ಕಾಣಬಾರದೆನಿಸುತ್ತದೆ. ತೀರಾ ಸಣ್ಣ ಹಳ್ಳಿಗಳಲ್ಲಿ ಚುನಾಯಿತ ಕೌನ್ಸಿಲ್ ಕೂಡ ಇರುವುದಿಲ್ಲ. ಮತದಾರರೆಲ್ಲ ಒಂದೆಡೆ ಸೇರುವ ಪ್ಯಾರಿಷ್ ಸಭೆಯೇ ಅಲ್ಲಿನ ಆಡಳಿತ.

ಕೌನ್ಸಿಲ್ ಟ್ಯಾಕ್ಸ್ ಬಿಲ್ಲನ್ನು ಕಳಿಸುವವರು ಡಿಸ್ಟ್ರಿಕ್ಟ್‌ನವರು, ಆದರೆ ಹಣದ ಬಹುಪಾಲು ಹೋಗುವುದು ಕೌಂಟಿಗೆ. ಪೊಲೀಸ್, ಅಗ್ನಿಶಾಮಕ ಮತ್ತು ಪ್ಯಾರಿಷ್‌ಗೆ ಸಲ್ಲುವ ಭಾಗಗಳನ್ನು ಅದೇ ಬಿಲ್ಲಿನಲ್ಲಿ ಬೇರೆ ಬೇರೆ ಸಾಲಿನಲ್ಲಿ ತೋರಿಸಿರುತ್ತಾರೆ. ಮನೆಯ ಬ್ಯಾಂಡ್, ಅಂದರೆ ತೆರಿಗೆಯ ದರ್ಜೆ, ನಿಂತಿರುವುದು 1991ರ ಏಪ್ರಿಲ್‌ನ ಬೆಲೆಯ ಅಂದಾಜಿನ ಮೇಲೆ. ಹಾಗಾಗಿ ಇಂದು ಒಂದೇ ಬೆಲೆಗೆ ಸಿಗುವ ಎರಡು ಮನೆಗಳು ಬೇರೆ ಬ್ಯಾಂಡಿನಲ್ಲಿರಬಹುದು. ಊರಿಂದೂರಿಗೆ ನಿಜವಾಗಿ ಬದಲಾಗುವುದು ಪ್ಯಾರಿಷ್‌ನ ಸಾಲು ಮಾತ್ರ. ಒಟ್ಟು ಮೊತ್ತದಲ್ಲಿ ಅದು ಚಿಕ್ಕದು, ಊರನ್ನು ಆರಿಸಲು ಅದನ್ನು ಆಧಾರ ಮಾಡಿಕೊಳ್ಳಬೇಕಾಗಿಲ್ಲ. ಉದ್ಯಾನದ ಪ್ರಾಧಿಕಾರಕ್ಕೆ ಈ ಬಿಲ್ಲಿನಲ್ಲಿ ಸಾಲೇ ಇಲ್ಲ. ಅದು ಮುಖ್ಯವಾಗಿ ನಡೆಯುವುದು ಕೇಂದ್ರ ಸರ್ಕಾರದ ಅನುದಾನದಿಂದ.

ಉದ್ಯಾನದ ಗೆರೆ

ಪೀಕ್ ಡಿಸ್ಟ್ರಿಕ್ಟ್ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನ. 1951ರ ಏಪ್ರಿಲ್‌ನಲ್ಲಿ ಘೋಷಿತವಾದ ಅದು 1,437 ಚದರ ಕಿಲೋಮೀಟರ್ ವ್ಯಾಪಿಸಿದ್ದು, ಡಾರ್ಬಿಶೈರ್ ಡೇಲ್ಸ್‌ನ ಉತ್ತರ ಮತ್ತು ಪಶ್ಚಿಮದ ದೊಡ್ಡ ಭಾಗ ಅದರೊಳಗೆ ಬರುತ್ತದೆ. ನಮ್ಮ ಬಂಡೀಪುರ, ನಾಗರಹೊಳೆಗಳಂತೆ ಇದು ಕಾದಿಟ್ಟ ಕಾಡಲ್ಲ. ಪೇಟೆ, ಹಳ್ಳಿ, ಹೊಲ, ಕಲ್ಲುಗಣಿ ಎಲ್ಲವೂ ಒಳಗೇ ಇವೆ, ಭೂಮಿಯ ಬಹುಪಾಲು ಖಾಸಗಿಯವರದೇ. ಮುಖ್ಯವಾಗಿ ಬದಲಾಗುವುದು ಕಟ್ಟಡಗಳಿಗೆ ಅನುಮತಿ ಕೊಡುವ ಕೈ. ಗೆರೆಯ ಹೊರಗೆ ಈ ಅಧಿಕಾರ ಡಿಸ್ಟ್ರಿಕ್ಟ್ ಕೌನ್ಸಿಲ್‌ಗಿದ್ದರೆ, ಒಳಗೆ ಬೇಕ್‌ವೆಲ್‌ನ ಆಲ್ಡರ್ನ್ ಹೌಸ್‌ನಲ್ಲಿ ಕುಳಿತ ಉದ್ಯಾನ ಪ್ರಾಧಿಕಾರಕ್ಕಿದೆ. ಆ ಪ್ರಾಧಿಕಾರದ ಸದಸ್ಯರನ್ನು ನೀವು ನೇರವಾಗಿ ಚುನಾಯಿಸುವುದಿಲ್ಲ. ಕೆಲವರನ್ನು ಸುತ್ತಲಿನ ಕೌನ್ಸಿಲ್‌ಗಳು ಕಳಿಸುತ್ತವೆ, ಉಳಿದವರನ್ನು ಸಚಿವರು ನೇಮಿಸುತ್ತಾರೆ. ನಿಮ್ಮ ಕಸಕ್ಕೆ ಹೊಣೆಯಾದ ಕೌನ್ಸಿಲರನ್ನು ಮತದಿಂದ ಕೆಳಗಿಳಿಸಬಹುದು, ನಿಮ್ಮ ಮಹಡಿಯನ್ನು ತಿರಸ್ಕರಿಸಿದವರನ್ನು ಹಾಗೆ ಮಾಡಲಾಗದು ಎಂಬ ಗೊಣಗಾಟ ಇಲ್ಲಿ ಬಹಳ ಹಳೆಯದು.

ಇದರ ಪರಿಣಾಮವನ್ನು ಒಂದು ಸಾಮಾನ್ಯ ಮನೆಯ ಮೇಲೆ ಇಟ್ಟು ನೋಡೋಣ. ಅಪ್ಪ ಅಮ್ಮ ಊರಿಂದ ಬಂದು ಆರು ತಿಂಗಳು ಇರುತ್ತಾರೆಂದು ನೀವು ಮನೆಯ ಪಕ್ಕಕ್ಕೆ ಒಂದು ಕೋಣೆ ಕಟ್ಟಬೇಕೆಂದಿದ್ದೀರಿ. ಇಂಗ್ಲೆಂಡಿನ ಬಹುಪಾಲು ಕಡೆ ನಿಗದಿತ ಅಳತೆಯೊಳಗಿನ ಇಂಥ ಕೋಣೆಗೆ ಪ್ಲಾನಿಂಗ್ ಅರ್ಜಿಯೇ ಬೇಕಾಗುವುದಿಲ್ಲ. ಉದ್ಯಾನದೊಳಗೆ ಪಕ್ಕಕ್ಕೆ ಚಾಚುವ ಕೋಣೆಗೂ, ಹಿಂದಕ್ಕೆ ಎರಡಂತಸ್ತು ಎತ್ತುವುದಕ್ಕೂ, ಹೆಂಚಿನ ಮಾಡನ್ನು ಎತ್ತರಿಸಿ ಅಟ್ಟದಲ್ಲಿ ಕೋಣೆ ಮಾಡುವುದಕ್ಕೂ, ಹೊರಗೋಡೆಗೆ ಹೊಸ ಹೊದಿಕೆ ಹಾಕುವುದಕ್ಕೂ ಅರ್ಜಿ ಹಾಕಲೇಬೇಕು. ರಸ್ತೆಗೆ ಕಾಣುವ ಗೋಡೆಯ ಮೇಲೆ ಡಿಶ್ ಆಂಟೆನಾ ಕೂರಿಸುವುದಕ್ಕೂ ತಡೆಯಿದೆ. ಕನ್ನಡ ವಾಹಿನಿಗಳನ್ನು ಈಗ ಇಂಟರ್ನೆಟ್ಟಿನಲ್ಲೇ ನೋಡುವುದರಿಂದ ಇದೊಂದು ನಿಯಮ ಮಾತ್ರ ಹಲ್ಲು ಕಳೆದುಕೊಂಡಿದೆ. ಅರ್ಜಿ ಹಾಕಿದರೆ ಸಿಗುವುದೇ ಇಲ್ಲವೆಂದಲ್ಲ. ಸ್ಥಳೀಯ ಕಲ್ಲು, ಸ್ಥಳೀಯ ಅಳತೆ, ಸ್ಥಳೀಯ ಕಿಟಕಿಯ ಆಕಾರ ಎಂದು ಮಾತು ಬೆಳೆಯುತ್ತದೆ, ಖರ್ಚೂ ಬೆಳೆಯುತ್ತದೆ.

ಗೆರೆಯ ಹೊರಗಿದ್ದೇವೆಂದು ಪೂರ್ತಿ ನಿಶ್ಚಿಂತರಾಗುವಂತೆಯೂ ಇಲ್ಲ. ವರ್ಕ್ಸ್‌ವರ್ತ್, ಆಶ್‌ಬರ್ನ್‌ಗಳ ಹಳೆಯ ನಡುಪೇಟೆಯಂಥ ಸಂರಕ್ಷಿತ ವಲಯಗಳಿಗೂ, 2001ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಡರ್ವೆಂಟ್ ಕಣಿವೆಯ ಗಿರಣಿ ಪ್ರದೇಶಕ್ಕೂ ಇದೇ ಬಿಗಿ ನಿಯಮಗಳು ಅನ್ವಯಿಸುತ್ತವೆ. ರಿಚರ್ಡ್ ಆರ್ಕ್‌ರೈಟ್ 1771ರಲ್ಲಿ ನೀರಿನ ಬಲದಿಂದ ನೂಲುವ ಗಿರಣಿ ಕಟ್ಟಿದ ಕ್ರಾಮ್‌ಫರ್ಡ್ ಉದ್ಯಾನದ ಹೊರಗಿದ್ದರೂ, ಅಲ್ಲಿ ಮನೆ ಕೊಂಡವರು ಬಹುಮಟ್ಟಿಗೆ ಒಳಗಿನವರಷ್ಟೇ ಕಟ್ಟುಪಾಡಿನಲ್ಲಿರುತ್ತಾರೆ.

ಇನ್ನೊಂದು ಸೂಕ್ಷ್ಮ ಅಗ್ಗದ ಮನೆಗಳಲ್ಲಿ ಅಡಗಿದೆ. ಉದ್ಯಾನದೊಳಗೆ ಪಕ್ಕದ ಮನೆಗಳಿಗಿಂತ ಎದ್ದು ಕಾಣುವಷ್ಟು ಕಡಿಮೆ ಬೆಲೆಗೆ ಒಂದು ಮನೆ ಮಾರಾಟಕ್ಕಿದ್ದರೆ, ಅದು ಹಿಂದೆ ಕೌನ್ಸಿಲ್ ಬಾಡಿಗೆದಾರರಿಗೆ ಮಾರಿದ ಮನೆಯಾಗಿರಬಹುದು. 1985ರ ವಸತಿ ಕಾಯ್ದೆಯ 157ನೆಯ ಸೆಕ್ಷನ್ ಪ್ರಕಾರ ಅಂಥ ಮನೆಗಳನ್ನು, ಆ ಪ್ರದೇಶದಲ್ಲಿ ಮೂರು ವರ್ಷ ವಾಸಿಸಿದ ಇಲ್ಲವೇ ದುಡಿದವರಿಗೆ ಮಾತ್ರ ಮಾರಬೇಕೆಂಬ ಷರತ್ತು ಇರಬಹುದು. ಪ್ರಾಧಿಕಾರದ ಒಪ್ಪಿಗೆಯಿಂದ ಸ್ಥಳೀಯರಿಗೆಂದೇ ಕಟ್ಟಿದ ಮನೆಗಳಾದರೆ ಷರತ್ತು ಇನ್ನೂ ಕಠಿಣ: ಆ ಪ್ಯಾರಿಷ್‌ನಲ್ಲೋ ಪಕ್ಕದ್ದರಲ್ಲೋ ಕಳೆದ ಇಪ್ಪತ್ತು ವರ್ಷಗಳಲ್ಲಿ ಹತ್ತು ವರ್ಷ ನೆಲೆಸಿರಬೇಕು. ಇದು ಅನ್ಯಾಯವೆಂದು ಹೊಸಬರಿಗೆ ಅನ್ನಿಸುವುದುಂಟು. ವಾರಾಂತ್ಯದ ಮನೆಗಾಗಿ ಹೊರಗಿನವರು ಬೆಲೆ ಏರಿಸಿದ ಹಳ್ಳಿಯಲ್ಲಿ ಶಾಲೆಯ ಅಡುಗೆಯವಳಿಗೂ ಕುರಿ ಸಾಕುವವನ ಮಗನಿಗೂ ಒಂದು ಸೂರು ಉಳಿಯಲಿ ಎಂಬುದೇ ಇದರ ಉದ್ದೇಶವೆಂದು ತಿಳಿದ ಮೇಲೆ ನನಗಂತೂ ಆಕ್ಷೇಪ ಉಳಿಯಲಿಲ್ಲ. ಎಸ್ಟೇಟ್ ಏಜೆಂಟರನ್ನು ಈ ಬಗ್ಗೆ ಮನೆ ನೋಡಲು ಹೋಗುವ ಮೊದಲೇ ಕೇಳಿ. ನೋಡಿ ಮನಸ್ಸು ಕೊಟ್ಟ ಮೇಲೆ ಕೇಳಿದರೆ ದುಃಖ.

ಮ್ಯಾಟ್ಲಾಕ್ ಮತ್ತು ಬೇಕ್‌ವೆಲ್

ಹೆಚ್ಚಿನವರ ತಕ್ಕಡಿಯಲ್ಲಿ ಕೊನೆಗೆ ಉಳಿಯುವುದು ಈ ಎರಡು ಊರುಗಳೇ. ಇವುಗಳ ನಡುವಿನ ದೂರ ಎಂಟು ಮೈಲಿಯಷ್ಟೇ, ಆದರೆ ಗೆರೆ ಇವೆರಡರ ನಡುವೆಯೇ ಹಾದುಹೋಗುತ್ತದೆ.

ಮ್ಯಾಟ್ಲಾಕ್ ಸುಮಾರು ಹತ್ತು ಸಾವಿರ ಜನರ, ಉದ್ಯಾನದ ಹೊರಗಿನ ಊರು. ಇದರ ದೊಡ್ಡ ಬಲ ರೈಲು. ಡಾರ್ಬಿಯಿಂದ ಬರುವ ಡರ್ವೆಂಟ್ ಕಣಿವೆಯ ಮಾರ್ಗ ಇಲ್ಲಿಗೆ ಕೊನೆಯಾಗುತ್ತದೆ. ಬೆಲ್ಪರ್, ಕ್ರಾಮ್‌ಫರ್ಡ್, ಮ್ಯಾಟ್ಲಾಕ್ ಬಾತ್ ಹಾದು ಬರಲು ಮುಕ್ಕಾಲು ಗಂಟೆಯೂ ಬೇಡ. ಡಾರ್ಬಿಯಲ್ಲಿ ಕೆಲಸವಿದ್ದು ದಿನವೂ ಕಾರು ಓಡಿಸಲು ಮನಸ್ಸಿಲ್ಲದವರಿಗೆ ಈ ಡಿಸ್ಟ್ರಿಕ್ಟ್‌ನ ಪೇಟೆಗಳಲ್ಲಿ ಇದೊಂದೇ ಆಯ್ಕೆ. ಒಂದು ಕಾಲಕ್ಕೆ ಹಳಿಗಳು ಇಲ್ಲಿಂದ ಬೇಕ್‌ವೆಲ್ ದಾಟಿ ಬಕ್ಸ್‌ಟನ್ ಕಡೆಗೂ ಹೋಗುತ್ತಿದ್ದವು, 1968ರಲ್ಲಿ ಆ ಭಾಗವನ್ನು ಮುಚ್ಚಿದರು. ಸರ್ಕಾರಿ ಕಚೇರಿಗಳಿರುವುದರಿಂದ ಊರಿಗೆ ವರ್ಷವಿಡೀ ಒಂದು ಸಾಮಾನ್ಯ ಲಯವಿದೆ, ಪ್ರವಾಸಿಗಳ ಗದ್ದಲದ ಬಹುಪಾಲನ್ನು ಕೆಳಗಿನ ಮ್ಯಾಟ್ಲಾಕ್ ಬಾತ್ ಹೊತ್ತುಕೊಳ್ಳುತ್ತದೆ. ಹೈಫೀಲ್ಡ್ಸ್ ಎಂಬ ದೊಡ್ಡ ಪ್ರೌಢಶಾಲೆ ಊರಲ್ಲೇ ಇದೆ.

ಇದರ ದೌರ್ಬಲ್ಯ ನದಿ. ಡರ್ವೆಂಟ್ 2019ರ ನವೆಂಬರಿನಲ್ಲೂ 2023ರ ಅಕ್ಟೋಬರಿನಲ್ಲೂ ಪೇಟೆಯೊಳಗೆ ನುಗ್ಗಿತ್ತು. ಆದ್ದರಿಂದ ಮ್ಯಾಟ್ಲಾಕ್‌ನಲ್ಲಿ ಮನೆಯನ್ನು ಎತ್ತರದಿಂದ ಅಳೆಯಬೇಕು: ನದಿಯ ಬಳಿಯ ಸಮತಟ್ಟಿನಲ್ಲಿ ಓಡಾಟ ಸುಲಭ, ವಿಮೆ ದುಬಾರಿ, ಬ್ಯಾಂಕ್ ರೋಡ್ ಮೇಲೆ ವಿಮೆಯ ಚಿಂತೆಯಿಲ್ಲ, ಆದರೆ ಹಿಮ ಬಿದ್ದ ಬೆಳಿಗ್ಗೆ ಮಗುವಿನ ಗಾಡಿ ತಳ್ಳಿಕೊಂಡು ಇಳಿಯುವುದನ್ನು ಊಹಿಸಿಕೊಳ್ಳಿ. ಮಂಡಿನೋವಿರುವ ಹಿರಿಯರನ್ನು ಕರೆಸಿಕೊಳ್ಳುವವರಿಗೆ ನಾನು ಸೂಚಿಸುವುದು ಪಕ್ಕದ ಡಾರ್ಲಿ ಡೇಲ್. ಅಲ್ಲಿ ನೆಲ ಹೆಚ್ಚು ಸಮತಟ್ಟು, ಹೊಳೆಯಿಂದ ದೂರವಿರುವ ಮನೆಗಳೂ ಸಿಗುತ್ತವೆ.

ಬೇಕ್‌ವೆಲ್ ಉದ್ಯಾನದೊಳಗಿನ ಏಕೈಕ ಮಾರುಕಟ್ಟೆ ಪೇಟೆ. ಜನ ನಾಲ್ಕು ಸಾವಿರಕ್ಕೂ ಕಡಿಮೆ. ವೈ ನದಿಯ ಮೇಲಿನ ಐದು ಕಮಾನಿನ ಹಳೆಯ ಸೇತುವೆ, ಕಂದು ಕಲ್ಲಿನ ಅಂಗಡಿಗಳು, ಪುಡ್ಡಿಂಗ್ ಮಾರುವ ಬೇಕರಿಗಳು, ಸೋಮವಾರದ ಸಂತೆ, ಹತ್ತಿರದಲ್ಲೇ ಹ್ಯಾಡನ್ ಹಾಲ್ ಮತ್ತು ಚಾಟ್ಸ್‌ವರ್ತ್ ಎಂಬ ಶ್ರೀಮಂತ ಮನೆತನಗಳ ಹಳೆಯ ಭವನಗಳು. ಒಮ್ಮೆ ನೋಡಿದವರಿಗೆ ಇಲ್ಲೇ ಇದ್ದುಬಿಡೋಣ ಎನಿಸದೆ ಇರದು. ಆದರೆ ಹಾಗೆ ಅನ್ನಿಸುವ ಲಕ್ಷಾಂತರ ಜನ ಬೇಸಿಗೆಯ ರಜೆಯ ದಿನಗಳಲ್ಲಿ ಬಂದು ಹೋಗುತ್ತಾರೆ; ಆಗ ಒಂದು ಪ್ಯಾಕೆಟ್ ಹಾಲಿಗೆ ಕಾರು ತೆಗೆದವರು ಸೇತುವೆಯ ಬಳಿ ಸಾಲಿನಲ್ಲಿ ಕಾಯಬೇಕಾಗುತ್ತದೆ. ರೈಲು ಇಲ್ಲ, 1967ರಲ್ಲಿ ಮುಚ್ಚಿದ ನಿಲ್ದಾಣದ ಹಳಿಗಳ ಜಾಡು ಈಗ ಮಾನ್ಸಲ್ ಟ್ರೇಲ್ ಎಂಬ ಎಂಟೂವರೆ ಮೈಲಿಯ ನಡಿಗೆಯ, ಸೈಕಲ್ಲಿನ ದಾರಿ. ಚೆಸ್ಟರ್‌ಫೀಲ್ಡ್ ಇಲ್ಲವೇ ಶೆಫೀಲ್ಡ್‌ನಲ್ಲಿ ಕೆಲಸವಿರುವವರಿಗೆ ರಸ್ತೆಯ ದೃಷ್ಟಿಯಿಂದ ಇದು ಮ್ಯಾಟ್ಲಾಕ್‌ನಷ್ಟೇ ಅನುಕೂಲ, ಡಾರ್ಬಿಯಲ್ಲಿ ಇರುವವರಿಗೆ ಅಲ್ಲ. 1636ರಲ್ಲಿ ಸ್ಥಾಪನೆಯಾದ ಲೇಡಿ ಮ್ಯಾನರ್ಸ್ ಶಾಲೆ ಇಲ್ಲಿದೆ. ಹೆಸರು ಕೇಳಿ ದುಬಾರಿ ಖಾಸಗಿ ಶಾಲೆಯೆಂದು ಕೆಲವರು ಹಿಂಜರಿಯುತ್ತಾರೆ. ಅದು ಎಲ್ಲರಿಗೂ ತೆರೆದ ಸರ್ಕಾರಿ ಶಾಲೆ.

ನನ್ನನ್ನು ಕೇಳಿದರೆ, ಇನ್ನು ಹತ್ತು ವರ್ಷಗಳಲ್ಲಿ ಮನೆಗೆ ಕೋಣೆ ಸೇರಿಸುವ, ಮಕ್ಕಳು ದೊಡ್ಡವರಾದಂತೆ ಮನೆ ಬದಲಿಸುವ ಲೆಕ್ಕವಿರುವ ಕುಟುಂಬ ಮ್ಯಾಟ್ಲಾಕ್‌ನ ಎತ್ತರದ ಬೀದಿಗಳಲ್ಲಿ ನೋಡಲಿ. ಮನೆ ಹೇಗಿದೆಯೋ ಹಾಗೇ ಸಾಕೆನ್ನುವವರು, ನಿವೃತ್ತಿಗೆ ಹತ್ತಿರವಿರುವವರು ಬೇಕ್‌ವೆಲ್ ಅನ್ನು ಪರಿಗಣಿಸಬಹುದು. ಎದುರಿನ ಗುಡ್ಡದ ಮೇಲೆ ನಾಳೆ ಬಡಾವಣೆ ಏಳುವ ಸಂಭವ ಅಲ್ಲಿ ತೀರಾ ಕಡಿಮೆ. ನಿಮ್ಮ ಕೋಣೆಗೆ ಅಡ್ಡ ಬರುವ ನಿಯಮವೇ ನಿಮ್ಮ ನೋಟವನ್ನೂ ಕಾಯುತ್ತದೆ.

ಆಶ್‌ಬರ್ನ್

ದಕ್ಷಿಣದ ತುದಿಯಲ್ಲಿ, ಸ್ಟ್ಯಾಫರ್ಡ್‌ಶೈರ್‌ನ ಗಡಿಗೆ ಅಂಟಿಕೊಂಡಿರುವ ಈ ಊರು ಡಾರ್ಬಿಗೆ ಎ52 ರಸ್ತೆಯಲ್ಲಿ ಹದಿಮೂರು ಮೈಲಿ. ಹೊಸ ಮನೆ ಬೇಕೆನ್ನುವವರಿಗೆ ಈ ಡಿಸ್ಟ್ರಿಕ್ಟ್‌ನಲ್ಲಿ ಸುಲಭವಾಗಿ ಸಿಗುವ ಜಾಗ ಇದೇ. ಉದ್ಯಾನದ ಹೊರಗಿರುವುದರಿಂದ ಹಳೆಯ ಯುದ್ಧಕಾಲದ ವಿಮಾನ ನಿಲ್ದಾಣದ ಬಯಲಿನ ಕಡೆಗೆ ಊರು ಬೆಳೆಯುತ್ತಿದೆ. ನಡುಪೇಟೆಯ ಇಕ್ಕಟ್ಟಿನ ಬೀದಿಗಳಲ್ಲಿ ಕಲ್ಲುಗಣಿಯ ಲಾರಿಗಳು ಹಾದುಹೋಗುವುದು ಇಲ್ಲಿನ ನಿತ್ಯದ ದೂರು. ರೈಲಿಲ್ಲ. ಕ್ವೀನ್ ಎಲಿಜಬೆತ್ಸ್ ಗ್ರಾಮರ್ ಸ್ಕೂಲ್ ಎಂಬ ಹೆಸರಿನಲ್ಲಿ ಗ್ರಾಮರ್ ಇದೆಯೇ ಹೊರತು ಪ್ರವೇಶ ಪರೀಕ್ಷೆಯಿಲ್ಲ. ಹನ್ನೊಂದನೆಯ ವಯಸ್ಸಿನ ಪರೀಕ್ಷೆಗೆ ಮಕ್ಕಳನ್ನು ಟ್ಯೂಷನ್‌ಗೆ ಕಳಿಸುವ ಅಗತ್ಯ ಇಲ್ಲಿ ಬೀಳುವುದಿಲ್ಲ.

ಕ್ರೈಸ್ತರ ಲೆಂಟ್ ಉಪವಾಸಕ್ಕೆ ಮುಂಚಿನ ಮಂಗಳವಾರ ಮತ್ತು ಉಪವಾಸ ಶುರುವಾಗುವ ಬುಧವಾರ ಈ ಊರು ತನ್ನ ಬುದ್ಧಿಯನ್ನು ಕಪಾಟಿನಲ್ಲಿ ಇಟ್ಟು, ಊರಿಗೆ ಊರೇ ಫುಟ್‌ಬಾಲ್ ಆಡುತ್ತದೆ. ಹೆನ್‌ಮೋರ್ ಹೊಳೆಯ ಉತ್ತರಕ್ಕೆ ಹುಟ್ಟಿದವರು ಒಂದು ಪಕ್ಷ, ದಕ್ಷಿಣಕ್ಕೆ ಹುಟ್ಟಿದವರು ಇನ್ನೊಂದು. ಗೋಲುಗಳ ನಡುವಿನ ಅಂತರ ಮೂರು ಮೈಲಿ. ನೂರಾರು ಜನ ಒಂದೇ ಚೆಂಡಿಗೆ ಮುಗಿಬಿದ್ದು ಬೀದಿ, ಹೊಲ, ಹೊಳೆಯನ್ನೆಲ್ಲ ತುಳಿಯುತ್ತಾರೆ. ಅಂಗಡಿಯವರು ಮುಂಚೆಯೇ ಕಿಟಕಿಗಳಿಗೆ ಹಲಗೆ ಹೊಡೆದಿರುತ್ತಾರೆ. ನಡುಪೇಟೆಯಲ್ಲಿ ಮನೆ ಕೊಳ್ಳುವವರು ಆ ಎರಡು ದಿನ ಕಾರನ್ನು ಎಲ್ಲಿಡುತ್ತೇವೆಂದು ಈಗಲೇ ಯೋಚಿಸಿಕೊಳ್ಳುವುದು ಒಳ್ಳೆಯದು.

ನಮ್ಮವರಿಗೆ ಆಶ್‌ಬರ್ನ್ ಮತ್ತು ವರ್ಕ್ಸ್‌ವರ್ತ್‌ಗಳ ಪರವಾಗಿ ಹೇಳಬೇಕಾದ ಇನ್ನೊಂದು ಮಾತೆಂದರೆ ದಿನಸಿ. ಕರಿಬೇವು, ಸೋನಾ ಮಸೂರಿ, ಉದ್ದಿನಬೇಳೆಯ ದೊಡ್ಡ ಚೀಲ ಡೇಲ್ಸ್‌ನ ಪೇಟೆಗಳಲ್ಲಿ ಸಿಗುತ್ತವೆಂದು ನೆಚ್ಚಿಕೊಳ್ಳಬಾರದು. ಅದಕ್ಕೆ ಡಾರ್ಬಿಯ ನಾರ್ಮಂಟನ್ ರೋಡ್‌ಗೇ ಹೋಗಬೇಕು. ಈ ಎರಡು ಊರುಗಳಿಂದ ಅದು ಅರ್ಧ ಗಂಟೆಯ ಆಸುಪಾಸಿನ ದಾರಿ, ಬೇಕ್‌ವೆಲ್‌ನಿಂದ ಅರ್ಧ ದಿನದ ಕೆಲಸ.

ವರ್ಕ್ಸ್‌ವರ್ತ್

ಐದು ಸಾವಿರದಷ್ಟು ಜನರ ಈ ಊರಿನ ಬಗ್ಗೆ ನನಗೆ ಪಕ್ಷಪಾತವಿದೆ, ಮೊದಲೇ ಹೇಳಿಬಿಡುತ್ತೇನೆ. ಇದು ಸೀಸದ ಗಣಿಯ ಊರು. ಗಣಿಗಾರರ ವ್ಯಾಜ್ಯ ತೀರಿಸಲು ಹುಟ್ಟಿದ ಬಾರ್‌ಮೋಟ್ ನ್ಯಾಯಾಲಯ ಗಣಿಗಳು ನಿಂತು ಎಷ್ಟೋ ಕಾಲವಾದರೂ ಇಲ್ಲಿನ ಮೂಟ್ ಹಾಲ್‌ನಲ್ಲಿ ಇಂದಿಗೂ ವರ್ಷಕ್ಕೊಮ್ಮೆ ಸೇರುತ್ತದೆ. ಅದಿರನ್ನು ಅಳೆಯಲು 1513ರಲ್ಲಿ ಮಾಡಿಸಿದ ಕಂಚಿನ ಕೊಳಗ ಅಲ್ಲೇ ಇದೆ. ಕೌಂಟಿ, ಡಿಸ್ಟ್ರಿಕ್ಟ್, ಪ್ಯಾರಿಷ್ ಕೌನ್ಸಿಲ್‌ಗಳೆಲ್ಲಕ್ಕಿಂತ ಹಳೆಯದಾದ ಸ್ಥಳೀಯ ಆಡಳಿತ ಈ ನಾಡಿನಲ್ಲಿ ಹೇಗಿತ್ತೆಂದು ನೋಡಬೇಕಾದರೆ ಆ ಕೊಳಗ ಸಾಕು. ಕಲ್ಲುಗಣಿಯ ಧೂಳಿನಲ್ಲಿ ಪಾಳುಬಿದ್ದಿದ್ದ ನಡುಪೇಟೆಯನ್ನು 1970ರ ದಶಕದ ಕೊನೆಯಿಂದ ರಿಪೇರಿ ಮಾಡಿ ಎಬ್ಬಿಸಿದರು. ಈಗ ಕಲಾವಿದರು ಹೆಚ್ಚಾಗಿ ನೆಲೆಸಿರುವ ಊರು. ಬೇಸಿಗೆಯ ಆರಂಭದಲ್ಲಿ ಒದ್ದೆ ಜೇಡಿಮಣ್ಣಿನ ಹಲಗೆಗೆ ಹೂದಳಗಳನ್ನು ಒಂದೊಂದಾಗಿ ಒತ್ತಿ ಚಿತ್ರ ಬಿಡಿಸಿ ನೀರಿನ ತಾಣಗಳ ಮುಂದೆ ನಿಲ್ಲಿಸುತ್ತಾರೆ. ಹೊಸ್ತಿಲ ರಂಗೋಲಿ ಹಾಕಿ ಬೆಳೆದವರಿಗೆ ಆ ದಿನ ಊರು ಪರಕೀಯವೆನಿಸುವುದಿಲ್ಲ.

ಬೆಲೆ ಬೇಕ್‌ವೆಲ್‌ಗಿಂತ ಹಗುರ, ಆಂಟನಿ ಗೆಲ್ ಶಾಲೆ ಊರಲ್ಲಿದೆ. ಡಫೀಲ್ಡ್‌ನಿಂದ ಬರುವ ರೈಲು ಪ್ರವಾಸಿಗಳಿಗಾಗಿ ಓಡಿಸುವ ಪಾರಂಪರಿಕ ರೈಲು, ಅದನ್ನು ನಂಬಿ ಕೆಲಸಕ್ಕೆ ಹೋಗಲಾಗದು. ಗಣಿಯ ಊರೆಂಬುದಕ್ಕೆ ಒಂದು ಪ್ರಾಯೋಗಿಕ ಅರ್ಥವೂ ಇದೆ: ಮನೆಯ ಹಿತ್ತಲಲ್ಲಿ ಹಳೆಯ ಗಣಿಬಾವಿಯ ಬಾಯಿ ಇದೆಯೇ ಎಂದು ನಿಮ್ಮ ಸಾಲಿಸಿಟರ್ ಮೂಲಕ ಹುಡುಕಿಸಬೇಕು. ಇದರ ಜೊತೆಗೆ ಡೇಲ್ಸ್‌ನ ಸುಣ್ಣಕಲ್ಲಿನ ಊರುಗಳೆಲ್ಲಕ್ಕೂ ಅನ್ವಯಿಸುವ ಮಾತೆಂದರೆ ರೇಡಾನ್ ಅನಿಲ. ನೆಲದಿಂದ ಜಿನುಗಿ ಮುಚ್ಚಿದ ಮನೆಯಲ್ಲಿ ಸೇರಿಕೊಳ್ಳುವ ಈ ವಿಕಿರಣಶೀಲ ಅನಿಲದ ಮಟ್ಟ ಘನ ಮೀಟರಿಗೆ 200 ಬೆಕ್ರೆಲ್ ಮುಟ್ಟಿದರೆ ಕ್ರಮ ಕೈಗೊಳ್ಳಬೇಕೆಂಬುದು ಬ್ರಿಟನ್ನಿನ ಆರೋಗ್ಯ ಭದ್ರತಾ ಸಂಸ್ಥೆಯ ಸಲಹೆ. ಅಳತೆಯ ಪುಟ್ಟ ಡಬ್ಬಿಗಳನ್ನು ಮೂರು ತಿಂಗಳು ಮನೆಯಲ್ಲಿಡಬೇಕು. ಪರಿಹಾರವೂ ಸಾಮಾನ್ಯವಾಗಿ ಸರಳ, ನೆಲದಡಿ ಒಂದು ಹೀರು-ಫ್ಯಾನ್. ಹೆದರಿ ಮನೆ ಬಿಡುವ ಸಂಗತಿಯಲ್ಲ, ಕೇಳದೆ ಕೊಳ್ಳುವ ಸಂಗತಿಯೂ ಅಲ್ಲ.

ಹಳ್ಳಿಗಳು

ಹಳ್ಳಿಯೇ ಬೇಕೆಂದರೆ ಹ್ಯಾದರ್‌ಸೇಜ್ ಒಂದು ವಿಶೇಷ ಆಯ್ಕೆ. ಉದ್ಯಾನದೊಳಗಿದ್ದರೂ ಶೆಫೀಲ್ಡ್ ಮತ್ತು ಮ್ಯಾಂಚೆಸ್ಟರ್ ನಡುವಿನ ರೈಲು ಅಲ್ಲಿ ನಿಲ್ಲುತ್ತದೆ, ಶೆಫೀಲ್ಡ್‌ಗೆ ಸುಮಾರು ಇಪ್ಪತ್ತು ನಿಮಿಷ. ಬೆಲೆಯೂ ಅದಕ್ಕೆ ತಕ್ಕಂತೆ ಏರಿದೆ. ಅದರ ಮುಂದಿನ ನಿಲ್ದಾಣವಾದ ಬ್ಯಾಮ್‌ಫರ್ಡ್ ಮಾತ್ರ ಹೈ ಪೀಕ್ ಎಂಬ ಬೇರೆ ಆಡಳಿತದಲ್ಲಿದೆ. ಎರಡೂರಿಗೂ ಕೌಂಟಿ ಒಂದೇ, ಉದ್ಯಾನ ಒಂದೇ, ಕಸದ ಲಾರಿ ಬೇರೆ. ಟೈಡ್ಸ್‌ವೆಲ್‌ನಲ್ಲಿ ಹಳ್ಳಿಯ ಅಳತೆಗೆ ಮೀರಿದ ಭವ್ಯ ಚರ್ಚ್ ಇದೆ, ಅಂಗಡಿಮುಂಗಟ್ಟು ಇವೆ. 1665–66ರ ಪ್ಲೇಗಿನಲ್ಲಿ ರೋಗ ಹೊರಗೆ ಹರಡದಂತೆ ತನಗೆ ತಾನೇ ಗಡಿ ಹಾಕಿಕೊಂಡ ಈಮ್ ಗ್ರಾಮಕ್ಕೆ ಶಾಲಾ ಪ್ರವಾಸದ ಬಸ್ಸುಗಳು ಬರುತ್ತಲೇ ಇರುತ್ತವೆ. ಇನ್ನುಳಿದ ಸಣ್ಣ ಹಳ್ಳಿಗಳ ಬಗ್ಗೆ ಒಂದೇ ಮಾತು: ಕೊನೆಯ ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿ, ಮನೆಯಲ್ಲಿ ಎರಡು ಕಾರಿಲ್ಲದಿದ್ದರೆ ಅಲ್ಲಿಗೇ ಬಿಡಿ.

ಮಕ್ಕಳಿರುವವರು ಶಾಲೆಯ ಅರ್ಜಿಯನ್ನು ಡಿಸ್ಟ್ರಿಕ್ಟ್‌ಗಲ್ಲ, ಕೌಂಟಿಗೆ ಹಾಕಬೇಕು. ಪ್ರೌಢಶಾಲೆಗೆ ಅಕ್ಟೋಬರ್ 31, ಪ್ರಾಥಮಿಕಕ್ಕೆ ಜನವರಿ 15 ಕೊನೆಯ ದಿನ. ಎಂಟು ವರ್ಷ ಮೇಲ್ಪಟ್ಟ ಮಗು ತನಗೆ ಸಲ್ಲುವ ಹತ್ತಿರದ ಶಾಲೆಯಿಂದ ಮೂರು ಮೈಲಿಗಿಂತ ದೂರದಲ್ಲಿದ್ದರೆ ಉಚಿತ ವಾಹನ ಸಿಗುತ್ತದೆ. ಆ ಹತ್ತಿರದ ಶಾಲೆಯನ್ನು ಬಿಟ್ಟು ಇನ್ನೊಂದನ್ನು ಆರಿಸಿಕೊಂಡರೆ ಸಾಮಾನ್ಯವಾಗಿ ಆ ಸೌಲಭ್ಯವಿಲ್ಲ. ಹಳ್ಳಿಯಲ್ಲಿರುವವರಿಗೆ ಇದು ವರ್ಷಕ್ಕೆ ಸಣ್ಣ ಖರ್ಚಲ್ಲ.

ಮತ, ಮತ್ತು ಬರಲಿರುವ ಬದಲಾವಣೆ

ಭಾರತೀಯ ಪಾಸ್‌ಪೋರ್ಟ್ ಇರುವವರಲ್ಲಿ ಅನೇಕರು ಇಲ್ಲಿ ತಮಗೆ ಮತವಿಲ್ಲವೆಂದು ತಿಳಿದಿದ್ದಾರೆ. ಅದು ತಪ್ಪು. ಸರಿಯಾದ ವೀಸಾದ ಮೇಲೆ ನೆಲೆಸಿರುವ ಕಾಮನ್‌ವೆಲ್ತ್ ಪ್ರಜೆಗಳು ಪ್ಯಾರಿಷ್‌ನಿಂದ ಪಾರ್ಲಿಮೆಂಟಿನವರೆಗೆ ಎಲ್ಲ ಚುನಾವಣೆಗಳಲ್ಲೂ ಮತ ಹಾಕಬಹುದು. ಹೆಸರು ನೋಂದಾಯಿಸಿರಬೇಕು, ಮತಗಟ್ಟೆಯಲ್ಲಿ ಗುರುತಿಗಾಗಿ ಭಾರತೀಯ ಪಾಸ್‌ಪೋರ್ಟನ್ನೇ ತೋರಿಸಬಹುದು. ಕೆಲವೇ ಸಾವಿರ ಜನರ ಈ ಊರುಗಳ ವಾರ್ಡ್‌ಗಳಲ್ಲಿ ಬೆರಳೆಣಿಕೆಯ ಮತಗಳಿಂದ ಗೆಲುವು ಸೋಲು ಆಗುವುದುಂಟು.

ಆ ಮತ ಯಾವ ಕೌನ್ಸಿಲ್‌ಗೆ ಎಂಬುದೇ ಈಗ ಬದಲಾಗುವುದರಲ್ಲಿದೆ. 2024ರ ಡಿಸೆಂಬರಿನಲ್ಲಿ ಬ್ರಿಟಿಷ್ ಸರ್ಕಾರ ಹೊರಡಿಸಿದ ಶ್ವೇತಪತ್ರ, ಕೌಂಟಿ ಮತ್ತು ಡಿಸ್ಟ್ರಿಕ್ಟ್ ಎಂಬ ಎರಡು ಹಂತಗಳಿರುವ ಕಡೆಯಲ್ಲೆಲ್ಲ ಅವನ್ನು ತೆಗೆದು ಒಂದೇ ಹಂತದ ಕೌನ್ಸಿಲ್‌ಗಳನ್ನು ತರುವುದಾಗಿ ಹೇಳಿತು. ಡಾರ್ಬಿ ನಗರ 1997ರಿಂದಲೇ ಹಾಗಿದೆ. ಸರ್ಕಾರ ಹಾಕಿಕೊಂಡ ವೇಳಾಪಟ್ಟಿಯಂತೆ ಹೊಸ ಕೌನ್ಸಿಲ್‌ಗಳು 2028ರ ಏಪ್ರಿಲ್‌ನಲ್ಲಿ ಕೆಲಸ ಶುರು ಮಾಡಬೇಕು. ಇದಲ್ಲದೆ ಡಾರ್ಬಿಶೈರ್ ಮತ್ತು ನಾಟಿಂಗ್‌ಹ್ಯಾಮ್‌ಶೈರ್‌ಗಳನ್ನು ಒಟ್ಟಾಗಿ ನೋಡಿಕೊಳ್ಳುವ ಈಸ್ಟ್ ಮಿಡ್‌ಲ್ಯಾಂಡ್ಸ್ ಪ್ರಾಧಿಕಾರಕ್ಕೆ 2024ರ ಮೇ ತಿಂಗಳಲ್ಲಿ ಕ್ಲೇರ್ ವಾರ್ಡ್ ಮೊದಲ ಮೇಯರ್ ಆಗಿ ಆಯ್ಕೆಯಾಗಿದ್ದಾರೆ. ಸಾರಿಗೆಯಂಥ ದೊಡ್ಡ ವಿಷಯಗಳು ಆ ಕಡೆ ಸರಿಯುತ್ತಿವೆ.

ಹೀಗಾಗಿ ಇಂದು ಮನೆ ಕೊಳ್ಳುವವರು ಡಿಸ್ಟ್ರಿಕ್ಟ್ ಕೌನ್ಸಿಲ್ ಚೆನ್ನಾಗಿದೆಯೋ ಇಲ್ಲವೋ ಎಂದು ಬಹಳ ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಮನೆಸಾಲದ ಎಷ್ಟೋ ಕಂತುಗಳು ಬಾಕಿ ಇರುವಾಗಲೇ ಅದು ಇಲ್ಲವಾಗಬಹುದು. ಈ ಮರುವಿಂಗಡಣೆಯ ಪಟ್ಟಿಯಲ್ಲಿ ಪ್ಯಾರಿಷ್ ಇಲ್ಲ, ಉದ್ಯಾನದ ಗೆರೆಯೂ ಇಲ್ಲ. ಆ ಗೆರೆಯ ನಕ್ಷೆ ಪ್ರಾಧಿಕಾರದ ಜಾಲತಾಣದಲ್ಲಿದೆ; ಮನೆಯ ಪೋಸ್ಟ್‌ಕೋಡ್ ಗೊತ್ತಾದ ದಿನವೇ, ಏಜೆಂಟರಿಗೆ ಫೋನ್ ಮಾಡುವ ಮೊದಲು, ಅದನ್ನು ತೆರೆದು ನೋಡಿ.